ಮಗನಿಗೆ ಆರ್ಡುಯಿನೊ ಕೊಡಿಸಬೇಕಾ? ಶಿರಸಿ, ಕುಮಟಾ, ಕಾರವಾರ ಕಡೆ ಯಾರಾದ್ರೂ ಬಳಸಿದ್ದೀರಾ?

ಹುಲೇಕಲ್ ತೋಟ · ಮೇ 11

ಎಲ್ಲರಿಗೂ ನಮಸ್ಕಾರ. ಮಗ ಈ ವರ್ಷ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ದೊಡ್ಡ ಹುಡುಗರು ಯಾರೋ ಆರ್ಡುಯಿನೊ ಅಂತ, ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆದು ಏರಿಸಿದರೆ ಲೈಟು ಮಿನುಗಿಸುವ ಪುಟ್ಟ ಬೋರ್ಡು ತಂದು ತೋರಿಸಿದ್ದೇ ನೆಪ, ಒಂದು ತಿಂಗಳಿಂದ ಮನೆಯಲ್ಲಿ ಅದೇ ಜಪ. ಆನ್‌ಲೈನಿನಲ್ಲಿ ನೋಡಿದರೆ ಐನೂರರಿಂದ ಆರು ಸಾವಿರದವರೆಗೂ ಇವೆ. 37 ಸೆನ್ಸರ್ ಒಂದೇ ಡಬ್ಬಿಯಲ್ಲಿ ಅಂತ ಒಂದು ಕಿಟ್. ಅದರ ಫೋಟೋ ನೋಡಿ ಅವನಿಗೆ ನಿದ್ದೆ ಇಲ್ಲ, ಬೆಲೆ ನೋಡಿ ನನಗೆ ನಿದ್ದೆ ಇಲ್ಲ.

ನಾನು ಬಿ.ಕಾಂ. ಮುಗಿಸಿ ತೋಟಕ್ಕೆ ಬಂದವನು. ಕರೆಂಟಿನ ವಿಷಯದಲ್ಲಿ ಗೊತ್ತಿರುವುದು ಫ್ಯೂಸ್ ಕಟ್ಟುವುದು ಮತ್ತು ಪಂಪಿನ ಸ್ಟಾರ್ಟರ್ ಒತ್ತುವುದು. ಹಾಗಾಗಿ ಕೇಳುತ್ತಿದ್ದೇನೆ. ಇದು ನಾಲ್ಕು ದಿನದ ಆಟಿಕೆಯೋ, ನಿಜವಾಗಿ ಏನಾದರೂ ಕಲಿಯಲಿಕ್ಕೆ ಇದೆಯೋ? ಯಾವ ಬೋರ್ಡು ತಗೊಳ್ಳಬೇಕು? ಮಳೆಗಾಲ ಶುರುವಾದರೆ ನಮ್ಮಲ್ಲಿ ಕರೆಂಟು, ನೆಟ್ಟು ಎರಡೂ ದೇವರ ಇಚ್ಛೆ, ಅವಿಲ್ಲದೆ ನಡೆಯುತ್ತದಾ? ಹೆಂಡತಿಯ ಪ್ರಶ್ನೆ ಬೇರೆ: "ಅದರಿಂದ ಮನೆಗೆ ಏನಾದ್ರೂ ಉಪಯೋಗ ಇದ್ಯಾ?" ಅದಕ್ಕೆ ಉತ್ತರ ಸಿಗದಿದ್ದರೆ ದುಡ್ಡು ಬಿಡುಗಡೆ ಆಗುವುದಿಲ್ಲ.

ಸಿದ್ದಾಪುರ ಟು ಬೆಂಗಳೂರು · ಮೇ 11

ಇಎಸ್‌ಪಿ32 ಅನ್ನುವ ಬೋರ್ಡು ತಗೊಳ್ಳಿ ಅಣ್ಣ, ಯೋಚನೆಯೇ ಬೇಡ. ಆರ್ಡುಯಿನೊದ ಮಾಮೂಲಿ ಬೋರ್ಡು ಊನೊದಲ್ಲಿ ಇರುವುದು 16 ಮೆಗಾಹರ್ಟ್ಸ್, 2 ಕೆಬಿ ರ‍್ಯಾಮ್. ಇದರಲ್ಲಿ 240 ಮೆಗಾಹರ್ಟ್ಸ್, ಎರಡು ಕೋರ್, 520 ಕೆಬಿ ರ‍್ಯಾಮ್. ಮೇಲಿಂದ ವೈಫೈ, ಬ್ಲೂಟೂತ್. ಬೆಲೆ ಹೆಚ್ಚೂಕಡಿಮೆ ಅಷ್ಟೇ. ಊನೊ ಬಂದಿದ್ದು 2010ರಲ್ಲಿ. ಈಗ ಯಾಕೆ ಅದನ್ನು ಕೊಳ್ಳಬೇಕು?

ಕಾಳಿ ದಂಡೆ · ಮೇ 11

ತಮ್ಮಾ, ನಿನ್ನ ಲೆಕ್ಕ ಸರಿ ಇದೆ. ಆದರೆ ಆ ಹುಡುಗ ಮೊದಲನೇ ವಾರ ಮಾಡುವ ಕೆಲಸ ಏನು? ತಪ್ಪು ತೂತಿಗೆ ವೈರು ಚುಚ್ಚುವುದು. ನಾನು ಕಾರವಾರದಲ್ಲಿ ಐಟಿಐ ಹುಡುಗರಿಗೆ ವರ್ಷಗಟ್ಟಲೆ ಕಲಿಸಿದವನು. ಅವರು ಸುಟ್ಟ ಚಿಪ್ಪುಗಳು ಇನ್ನೂ ಒಂದು ಬಿಸ್ಕಿಟ್ ಡಬ್ಬಿಯಲ್ಲಿ ನನ್ನ ಹತ್ತಿರ ಇವೆ.

ಊನೊ 5 ವೋಲ್ಟಿನ ಬೋರ್ಡು. ಇಎಸ್‌ಪಿ32ರ ಪಿನ್ನುಗಳು 3.3 ವೋಲ್ಟಿನವು. ದೂರ ಅಳೆಯುವ ಅಗ್ಗದ ಸೆನ್ಸರ್ ಇದೆಯಲ್ಲ, ಗೂಬೆ ಕಣ್ಣಿನದು, ಎಚ್‌ಸಿ-ಎಸ್‌ಆರ್04, ಅದು ವಾಪಸ್ ಕೊಡುವ ಸಿಗ್ನಲ್ 5 ವೋಲ್ಟ್. ಊನೊಗೆ ನೇರ ಚುಚ್ಚಬಹುದು. ಇಎಸ್‌ಪಿ32ಕ್ಕೆ ಚುಚ್ಚುವ ಮೊದಲು ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಬೇಕು. ಒಂಬತ್ತನೇ ಕ್ಲಾಸಿನ ಹುಡುಗನಿಗೆ ಹುಲೇಕಲ್ಲಿನಲ್ಲಿ ಕೂತು ಇದನ್ನು ಯಾರು ಹೇಳುತ್ತಾರೆ? ಈಜು ಕಲಿಸುವವರು ಮೊದಲು ಮನೆಯ ಕೆರೆಗೆ ಇಳಿಸುತ್ತಾರೆ, ಕಾಳಿ ಅಳಿವೆಗೆ ಅಲ್ಲ.

ಊನೊ ಕೊಳ್ಳುವಾಗ ಒಂದು ನೋಡಿಕೊಳ್ಳಿ. ಚಿಪ್ಪು ಉದ್ದಕ್ಕೆ, ಜರಿಹುಳದ ಹಾಗೆ ಎರಡೂ ಬದಿ ಕಾಲು ಇರುವಂಥದ್ದು ಬೇಕು. ಅದು ಸಾಕೆಟ್ಟಿನಲ್ಲಿ ಕೂತಿರುತ್ತದೆ. ಸುಟ್ಟರೆ ಅದೊಂದನ್ನೇ ಮೀಟಿ ತೆಗೆದು ಬೇರೆ ಕೂರಿಸಬಹುದು. ಬೂಟ್‌ಲೋಡರ್ ತುಂಬಿದ ಚಿಪ್ಪು ಅಂತ ಕೇಳಿ ತಗೊಳ್ಳಬೇಕು, ಇಲ್ಲದಿದ್ದರೆ ಯುಎಸ್‌ಬಿಯಿಂದ ಪ್ರೋಗ್ರಾಮ್ ಏರುವುದಿಲ್ಲ. ಪುಟ್ಟ ಚೌಕದ ಚಿಪ್ಪನ್ನು ಬೆಸುಗೆ ಹಾಕಿದ್ದಾದರೆ, ಸುಟ್ಟ ದಿನ ಇಡೀ ಬೋರ್ಡು ಬಿಸ್ಕಿಟ್ ಡಬ್ಬಿಗೆ.

ಈ ಆರ್ಡುಯಿನೊ ಹುಟ್ಟಿದ್ದೇ ಎಂಜಿನಿಯರುಗಳಿಗಲ್ಲ ಅನ್ನುವುದು ಸುಮಾರು ಜನಕ್ಕೆ ಗೊತ್ತಿಲ್ಲ. 2005ರಲ್ಲಿ ಇಟಲಿಯ ಇವ್ರಿಯಾ ಅನ್ನುವ ಊರಲ್ಲಿ ಡಿಸೈನ್ ಓದುವ ಹುಡುಗರಿಗಾಗಿ ಮಾಡಿದ್ದು. ಹೆಸರು ಆ ಊರಿನ ಒಂದು ಬಾರಿನದು. ಮೇಷ್ಟ್ರುಗಳು ಅಲ್ಲಿ ಸೇರುತ್ತಿದ್ದರಂತೆ. ಬೋರ್ಡಿನ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಅದಕ್ಕೇ ಅದೇ ನಕ್ಷೆಯ ಅಗ್ಗದ ಬೋರ್ಡುಗಳು ಇಷ್ಟು ಸಿಗುವುದು. ಹೆಸರು ಮಾತ್ರ ಅವರದ್ದೇ, ಬೇರೆಯವರು ಹಾಕಿಕೊಳ್ಳುವಂತಿಲ್ಲ.

ಅಂಕೋಲಾ ರಿಪೇರಿ · ಮೇ 12

37 ಸೆನ್ಸರಿನ ಡಬ್ಬಿ ಬೇಡವೇ ಬೇಡ ಅಣ್ಣ. ನನ್ನ ಅಂಗಡಿಗೆ ಅಂಥವು ಎರಡು ಬಂದಿವೆ, "ಯಾರಿಗಾದ್ರೂ ಕೊಡಿ" ಅಂತ. ಎರಡರಲ್ಲೂ ಮೂರು ಪ್ಯಾಕೆಟ್ ಒಡೆದಿತ್ತು, ಉಳಿದವು ಹಾಗೇ. ಬೋರ್ಡು ಒಂದು, ಬೆಸುಗೆ ಇಲ್ಲದೆ ವೈರು ಚುಚ್ಚುವ ಬ್ರೆಡ್‌ಬೋರ್ಡ್ ಒಂದು, ಜಂಪರ್ ವೈರು ಒಂದು ಕಟ್ಟು, ಹತ್ತು ಎಲ್ಇಡಿ, 220 ಓಮಿನ ರೆಸಿಸ್ಟರ್ ಇಪ್ಪತ್ತು, ಎರಡು ಒತ್ತುಗುಂಡಿ, ಒಂದು ಬಜರ್, ಬೆಳಕಿಗೆ ಬದಲಾಗುವ ಎಲ್‌ಡಿಆರ್ ಒಂದು. ಉಳಿದ ದುಡ್ಡಿಗೆ ಮಲ್ಟಿಮೀಟರ್ ತಗೊಳ್ಳಿ. ಅದು ಮುಂದೆ ನಿಮಗೂ ಆಗುತ್ತದೆ.

ಮತ್ತೆ, ಮೊದಲ ದಿನ "ಬೋರ್ಡು ಕಂಪ್ಯೂಟರಿಗೆ ಕಾಣ್ತಾ ಇಲ್ಲ" ಅಂತ ಹುಡುಗ ಅತ್ತರೆ ಗಾಬರಿ ಬೇಡ. ನೂರಕ್ಕೆ ತೊಂಬತ್ತು ಸಲ ಕೇಬಲ್ಲಿನ ಸಮಸ್ಯೆ. ಕೆಲವು ಕೇಬಲ್ಲಿನಲ್ಲಿ ಚಾರ್ಜಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾ ತಂತಿಯೇ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಮಾತು ಇಲ್ಲ. ಕೇಬಲ್ ಸರಿ ಇದ್ದೂ ಕಾಣದಿದ್ದರೆ ಸಿಎಚ್340 ಡ್ರೈವರ್ ಹಾಕಿ. ಅಗ್ಗದ ಬೋರ್ಡುಗಳಲ್ಲಿ ಯುಎಸ್‌ಬಿಗೆ ಆ ಚಿಪ್ಪೇ ಜಾಸ್ತಿ.

ನಾನೂ ಒಮ್ಮೆ ಆನ್‌ಲೈನಿನಲ್ಲಿ ತರಿಸಿದ ಬೋರ್ಡು ಡ್ರೈವರಿಗೂ ಜಗ್ಗಲಿಲ್ಲ, ಕೇಬಲ್ಲಿಗೂ ಜಗ್ಗಲಿಲ್ಲ. ಸತ್ತೇ ಬಂದಿತ್ತು. ಮಾರಿದವನು "ನೀವೇ ಸುಟ್ಟಿದ್ದು" ಅಂದ. ಅದಕ್ಕೇ ಪ್ಯಾಕೆಟ್ ಒಡೆಯುವಾಗ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ.

ಕುಮಟಾ ಟೀಚರ್ · ಮೇ 12

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಮೈಕ್ರೋಬಿಟ್ ಹತ್ತು ಇವೆ. 2016ರಲ್ಲಿ ಇಂಗ್ಲೆಂಡಿನ ಬಿಬಿಸಿ ಅಲ್ಲಿನ ಶಾಲೆ ಮಕ್ಕಳಿಗೆ ಪುಕ್ಕಟೆ ಹಂಚಿದ ಬೋರ್ಡು ಇದು. 25 ಪುಟ್ಟ ದೀಪ, ಎರಡು ಗುಂಡಿ, ಅಲುಗಾಟ ಅಳೆಯುವ ಸೆನ್ಸರ್ ಎಲ್ಲ ಬೋರ್ಡಿನ ಮೇಲೇ ಇವೆ. ವೈರು ಚುಚ್ಚುವ ರಗಳೆ ಇಲ್ಲ. ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಎಳೆದು ಜೋಡಿಸಿದರೆ ಪ್ರೋಗ್ರಾಮ್. ಆರು, ಏಳನೇ ಕ್ಲಾಸಿಗೆ ಇದೇ ಸರಿ. ಒಂಬತ್ತನೇ ಕ್ಲಾಸಿನ ಹುಡುಗ ಆರು ತಿಂಗಳಲ್ಲಿ ಇದನ್ನು ದಾಟಿಬಿಡುತ್ತಾನೆ. ಅಲ್ಲದೆ ಊನೊ ನಕಲಿಗಿಂತ ದುಬಾರಿ.

ಆದರೆ ನಮ್ಮ ಕ್ಲಾಸಿನಲ್ಲಿ ನಡೆದದ್ದೊಂದು ಹೇಳಲೇಬೇಕು. ಉಷ್ಣತೆ ತೋರಿಸುವ ಪ್ರೋಗ್ರಾಮ್ ಬರೆದರು. ಬೋರ್ಡು 33 ಅನ್ನುತ್ತದೆ, ಗೋಡೆಯ ಥರ್ಮಾಮೀಟರ್ 30. ಮಕ್ಕಳು ಎರಡು ಪಕ್ಷ ಆದರು. ಬೋರ್ಡು ಹೊಸದು, ಕಂಪ್ಯೂಟರಿನದು, ಅದೇ ಸರಿ ಅಂತ ಒಂದು ಪಕ್ಷ. ಒಬ್ಬಳು ಹುಡುಗಿ ಹತ್ತೂ ಬೋರ್ಡನ್ನು ಸಾಲಾಗಿ ಇಟ್ಟಳು. ಹತ್ತೂ ಬೇರೆ ಬೇರೆ. ಆಮೇಲೆ ಹುಡುಕಿದಾಗ ಗೊತ್ತಾಯಿತು, ಅದು ಅಳೆಯುವುದು ಕೋಣೆಯ ಗಾಳಿಯನ್ನಲ್ಲ, ಬೋರ್ಡಿನ ಚಿಪ್ಪಿನೊಳಗಿನ ಬಿಸಿಯನ್ನು. ಯಂತ್ರ ಹೇಳಿದ್ದು ಯಾವುದರ ಅಳತೆ ಅಂತ ಕೇಳುವುದನ್ನು ಅವತ್ತು ಕಲಿತರು. ಪುಸ್ತಕದಲ್ಲಿ ನಾನು ಎಷ್ಟು ಹೇಳಿದರೂ ಅದು ತಲೆಗೆ ಹೋಗುತ್ತಿರಲಿಲ್ಲ.

ನಿಮ್ಮ ಹತ್ತಿರದ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಇಂಥವನ್ನು ಮಾಡಿ ನೋಡಲಿಕ್ಕೆ ಸರ್ಕಾರದ ನೆರವಿನಿಂದ ಆದದ್ದು) ಇದ್ದರೆ ಮೊದಲು ಅಲ್ಲಿ ಹೋಗಿ ನೋಡಿ. ಬೀಗ ತೆಗೆದಿರುತ್ತಾರೋ ಇಲ್ಲವೋ, ಅದು ಬೇರೆ ಮಾತು.

ಗೇರುಸೊಪ್ಪೆ ಘಾಟಿ · ಮೇ 12

ಎಲ್ಲರೂ ಬೋರ್ಡಿನ ಗುಣಗಾನ ಮಾಡಿದ್ದಾಯಿತು. ಆ ಮನೆಯಾಕೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಕೊಡುತ್ತೇನೆ: ಉಪಯೋಗ ಇಲ್ಲ.

ಯೂಟ್ಯೂಬಿನಲ್ಲಿ ಎಲ್ಲರೂ ಮಾಡುವುದು ಎರಡೇ. ಟ್ಯಾಂಕು ತುಂಬಿದರೆ ಪಂಪು ನಿಲ್ಲಿಸುವುದು, ಮಣ್ಣು ಒಣಗಿದರೆ ನೀರು ಬಿಡುವುದು. ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಇದೆ, ನೀರಿನ ಜತೆ ತೇಲಿ ಮೇಲೆ ಬಂದರೆ ಪಂಪು ನಿಲ್ಲಿಸುತ್ತದೆ. ಪ್ರೋಗ್ರಾಮ್ ಇಲ್ಲ, ಹ್ಯಾಂಗ್ ಆಗುವುದಿಲ್ಲ. ನಮ್ಮ ಮನೆಯದು ಹನ್ನೊಂದು ವರ್ಷದಿಂದ ಹಾಗೇ ಇದೆ. ಮಣ್ಣಿನದ್ದೂ ಹೇಳುತ್ತೇನೆ. ಎರಡು ಕಡ್ಡಿಯ ಸೆನ್ಸರ್ ತಂದು ಅಡಿಕೆ ಬುಡಕ್ಕೆ ಚುಚ್ಚಿದ್ದೆ. ಎರಡು ತಿಂಗಳಿಗೆ ಕಡ್ಡಿ ತಿಂದುಹೋಯಿತು. ಅಡಿಕೆಗೆ ನೀರು ಬೇಕೋ ಬೇಡವೋ ಅಂತ ಸೋಗೆ ನೋಡಿದರೆ ನನ್ನ ಅಪ್ಪನಿಗೆ ಗೊತ್ತಾಗುತ್ತಿತ್ತು.

ಯಲ್ಲಾಪುರ ಅಂಗಳ · ಮೇ 13

ಟ್ಯಾಂಕಿನ ವಿಷಯದಲ್ಲಿ ಗೇರುಸೊಪ್ಪೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಫ್ಲೋಟ್ ಸ್ವಿಚ್ ಇರುವಲ್ಲಿ ಬೋರ್ಡು ಬೇಡ. ಆದರೆ ನಮ್ಮ ಮನೆಯಲ್ಲಿ ಉಪಯೋಗ ಆಗಿದೆ. ಸ್ವಲ್ಪ ಉದ್ದ ಕತೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಬಿಎಸ್‌ಸಿ ಓದುತ್ತಿದ್ದೇನೆ. ನಮ್ಮದು ಚಾಲಿ, ಅಂದರೆ ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸುವ ಅಡಿಕೆ. ಅಂಗಳದಲ್ಲಿ ಅಡಿಕೆ ಹರವಿದರೆ ಒಣಗಲು ಒಂದೂವರೆ ತಿಂಗಳು ಬೇಕು. ಅಷ್ಟರಲ್ಲಿ ಡಿಸೆಂಬರಿನ ಅಕಾಲ ಮಳೆ ಒಂದು ಸಲ ಬಂದೇ ಬರುತ್ತದೆ, ಅದೂ ರಾತ್ರಿಯೇ. ಆಯಿಗೆ ಆ ದಿನಗಳಲ್ಲಿ ನಿದ್ದೆಯೇ ಇಲ್ಲ. ಹಂಚಿನ ಮೇಲೆ ಒಣ ಎಲೆ ಬಿದ್ದರೂ ಎದ್ದು ಕೂರುತ್ತಾಳೆ.

ಮಳೆ ಸೆನ್ಸರ್ ಅಂತ ಒಂದು ಸಿಗುತ್ತದೆ. ಅಂಗೈಯಷ್ಟು ಹಲಗೆ, ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು. ನೀರು ಬಿದ್ದರೆ ಗೆರೆಗಳ ನಡುವೆ ಕರೆಂಟು ಹರಿಯುತ್ತದೆ. ಊನೊ ಅದನ್ನು 0ಯಿಂದ 1023ರವರೆಗಿನ ಒಂದು ಸಂಖ್ಯೆಯಾಗಿ ಓದುತ್ತದೆ. ಪೂರ್ತಿ ಒಣಗಿದ್ದರೆ 1023ರ ಹತ್ತಿರ, ಒದ್ದೆಯಾದ ಹಾಗೆ ಇಳಿಯುತ್ತದೆ. 700ಕ್ಕಿಂತ ಕೆಳಗೆ ಹೋದರೆ ಬಜರ್ ಹೊಡಿ ಅಂತ ಬರೆದೆ. ತಂಬಿಗೆಯಲ್ಲಿ ನೀರು ಚಿಮುಕಿಸಿ ಎಲ್ಲರಿಗೂ ತೋರಿಸಿದೆ. ಕೂಗಿತು. ಆಯಿಗೆ ಖುಷಿಯೋ ಖುಷಿ.

ಅವತ್ತೇ ರಾತ್ರಿ ನಾಲ್ಕು ಗಂಟೆಗೆ ಬಜರ್. ಅಪ್ಪ, ಆಯಿ, ದೊಡ್ಡಪ್ಪ, ನಾನು, ನಾಲ್ಕೂ ಜನ ತಾಡಪಾಲು ಹಿಡಿದು ಅಂಗಳಕ್ಕೆ ಓಡಿದೆವು. ಮೇಲೆ ನೋಡಿದರೆ ಆಕಾಶದ ತುಂಬ ನಕ್ಷತ್ರ. ಒಂದು ಹನಿ ಮಳೆ ಇಲ್ಲ. ದೊಡ್ಡಪ್ಪ ಸೆನ್ಸರ್ ಮುಟ್ಟಿ ನೋಡಿ, "ನಿನ್ನ ಯಂತ್ರಕ್ಕೆ ನೆಗಡಿ ಆಗಿದೆ" ಅಂದ. ಇಬ್ಬನಿ ಬಿದ್ದಿತ್ತು.

ಸರಿ, 700 ಬದಲು 500 ಮಾಡಿದೆ. ಮರುದಿನ ಐದು ಗಂಟೆಗೆ ಕೂಗಿತು. 300 ಮಾಡಿದರೆ ಸಣ್ಣ ಮಳೆಗೆ ಕೂಗುವುದೇ ಇಲ್ಲ. ಮೂರು ದಿನ ಈ ಸಂಖ್ಯೆಯ ಜತೆ ಗುದ್ದಾಡಿದೆ. ಆಮೇಲೆ ಸುಮ್ನೆ ಲ್ಯಾಪ್‌ಟಾಪ್ ಜೋಡಿಸಿ ಇಡೀ ರಾತ್ರಿ ಹತ್ತು ನಿಮಿಷಕ್ಕೊಮ್ಮೆ ಸಂಖ್ಯೆ ಬರೆಸಿದೆ. ಬೆಳಿಗ್ಗೆ ನೋಡಿದರೆ ವಿಷಯ ಕಣ್ಣೆದುರೇ ಇತ್ತು. ಹನ್ನೊಂದಕ್ಕೆ 1010, ಎರಡಕ್ಕೆ 900, ನಾಲ್ಕಕ್ಕೆ 680. ಇಬ್ಬನಿ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ತಂಬಿಗೆ ನೀರು ಚಿಮುಕಿಸಿದರೆ ಎರಡೇ ಸೆಕೆಂಡಿಗೆ 300 ಬಿದ್ದುಹೋಗುತ್ತದೆ. ಅಂದರೆ ನಾನು ನೋಡಬೇಕಾಗಿದ್ದು ಎಷ್ಟು ಒದ್ದೆ ಅಂತ ಅಲ್ಲ, ಎಷ್ಟು ಬೇಗ ಒದ್ದೆ ಆಯಿತು ಅಂತ! ಒಂದು ನಿಮಿಷದ ಹಿಂದಿನ ಸಂಖ್ಯೆ ನೆನಪಿಟ್ಟುಕೊ, ಈಗಿನದು ಅದಕ್ಕಿಂತ 150 ಕಮ್ಮಿ ಇದ್ದರೆ ಕೂಗು ಅಂತ ಬದಲಿಸಿದೆ. ಆಮೇಲೆ ಸುಳ್ಳು ಕೂಗು ನಿಂತಿತು. ಆ ವರ್ಷದ ಮಳೆಗೆ ಸರಿಯಾಗಿ ಕೂಗಿತು. ಒಂದೂವರೆ ಗಂಟೆ ರಾತ್ರಿ, ತಾಡಪಾಲು ಎಳೆದು ಮುಗಿಸುವಾಗ ಜೋರು ಹನಿ.

ಫೆಬ್ರವರಿಯಲ್ಲಿ ಸೆನ್ಸರಿನ ಗೆರೆಗಳು ಹಸಿರು, ಕಪ್ಪು. ಗೇರುಸೊಪ್ಪೆ ಅಣ್ಣನ ಕಡ್ಡಿಯ ಕತೆಯೇ. ಒದ್ದೆ ಇರುವಾಗ ಸದಾ ಕರೆಂಟು ಹರಿದರೆ ಲೋಹ ಕರಗುತ್ತದೆ. ಈಗ ಸೆನ್ಸರಿಗೆ 5 ವೋಲ್ಟಿನ ಲೈನಿನಿಂದ ಕರೆಂಟು ಕೊಡುವುದಿಲ್ಲ, ಊನೊದ ಒಂದು ಪಿನ್ನಿನಿಂದ ಕೊಡುತ್ತೇನೆ. ಹತ್ತು ಸೆಕೆಂಡಿಗೊಮ್ಮೆ ಆನ್, ಓದು, ಆಫ್. ಹಲಗೆಯನ್ನು ನೀರು ಜಾರುವ ಹಾಗೆ ಓರೆಯಾಗಿ ಕೂರಿಸಿದ್ದೇನೆ. ಎರಡನೇ ವರ್ಷ ನಡೆಯುತ್ತಿದೆ.

ಗೇರುಸೊಪ್ಪೆ ಘಾಟಿ · ಮೇ 13

ತಂಗೀ, ಕತೆ ಚೆನ್ನಾಗಿದೆ. ಆದರೆ ತಾಡಪಾಲನ್ನು ಸಂಜೆಯೇ ಹೊದಿಸಿ ಮಲಗಿದ್ದರೆ?

ಯಲ್ಲಾಪುರ ಅಂಗಳ · ಮೇ 13

ದಿನಾ ರಾತ್ರಿ ಮುಚ್ಚಿದರೆ ಅಡಿಕೆ ಬೆವರುತ್ತದೆ ಅಣ್ಣ. ಬೂಷ್ಟು ಹಿಡಿದ ಅಡಿಕೆಗೆ ಪೇಟೆಯಲ್ಲಿ ಎಷ್ಟು ಕೊಡುತ್ತಾರೆ ಅಂತ ನಿಮಗೆ ನಾನು ಹೇಳಬೇಕಾ?

ಗೇರುಸೊಪ್ಪೆ ಘಾಟಿ · ಮೇ 13

ಒಪ್ಪಿದೆ.

ಸಿದ್ದಾಪುರ ಟು ಬೆಂಗಳೂರು · ಮೇ 14

ಕಾಳಿ ದಂಡೆ ಸರ್, ನಿಮ್ಮ ಮಾತಿಗೆ ನಾನೂ ಅರ್ಧ ಒಪ್ಪಿದೆ. ಇನ್ನರ್ಧಕ್ಕೆ ಕಾರಣ ನೆಟ್ಟು. ಊನೊಗೆ ಬೇಕಾದ ಸಾಫ್ಟ್‌ವೇರ್ ಒಂದು ಸಲ ಇಳಿಸಿಕೊಂಡು ಒಮ್ಮೆ ತೆರೆದರೆ ಮುಗಿಯಿತು, ಮುಂದೆ ನೆಟ್ ಇಲ್ಲದೆಯೂ ನಡೆಯುತ್ತದೆ. ಕಲಿಯುವ ಉದಾಹರಣೆಗಳೂ ಅದರೊಳಗೇ ಇವೆ. ಇಎಸ್‌ಪಿ32ಕ್ಕೆ ಅದರ ಮೇಲೆ ಇನ್ನೂ ಕೆಲವು ನೂರು ಎಂಬಿ ಇಳಿಸಬೇಕು. ಹುಲೇಕಲ್ಲಿನ ನೆಟ್ಟಿನಲ್ಲಿ ಅದು ದೀಪಾವಳಿಗೆ ಮುಗಿಯಬಹುದು. ಪ್ರೋಗ್ರಾಮ್ ಒಮ್ಮೆ ಏರಿಸಿದ ಮೇಲೆ ಬೋರ್ಡಿಗೆ ಕಂಪ್ಯೂಟರೂ ಬೇಡ, ನೆಟ್ಟೂ ಬೇಡ. ಕರೆಂಟು ಬಂದ ತಕ್ಷಣ ತನ್ನ ಪಾಡಿಗೆ ಶುರು ಮಾಡುತ್ತದೆ.

ಕರೆಂಟು ಹೋದಾಗ ಅಂತ ಪವರ್ ಬ್ಯಾಂಕ್ ಜೋಡಿಸುವವರಿಗೆ ಒಂದು ಎಚ್ಚರಿಕೆ. ಊನೊ ಎಳೆಯುವ ಕರೆಂಟು ತೀರಾ ಕಮ್ಮಿ. ಫೋನು ಫುಲ್ ಆಯಿತು ಅಂದುಕೊಂಡು ಎಷ್ಟೋ ಪವರ್ ಬ್ಯಾಂಕುಗಳು ತಾವೇ ಆಫ್ ಆಗುತ್ತವೆ. ನಾನು ಒಂದು ವಾರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದ್ದೇನೆ, ತಪ್ಪು ಅದರದ್ದಾಗಿತ್ತು.

ಬೋರ್ಡು ಕೊಳ್ಳುವ ಮೊದಲೇ ಮಗ ಕೈ ಆಡಿಸಬೇಕು ಅಂದರೆ ಟಿಂಕರ್‌ಕ್ಯಾಡ್, ವೋಕ್ವಿ ಎರಡೂ ಇವೆ. ಬ್ರೌಸರಿನಲ್ಲೇ ಬೋರ್ಡು, ವೈರು, ಎಲ್ಇಡಿ ಎಲ್ಲ ಜೋಡಿಸಿ ಓಡಿಸಬಹುದು. ನೆಟ್ ಇದ್ದ ದಿನ ಕೂರಿಸಿ. ಅಲ್ಲಿ ಎಷ್ಟು ಸುಟ್ಟರೂ ಪುಕ್ಕಟೆ.

ಕಾಳಿ ದಂಡೆ · ಮೇ 14

ಎರಡು ಮಾತು ಉಳಿದಿವೆ. ಒಂದು, ಹುಡುಗ ಉತ್ಸಾಹದಲ್ಲಿ ರಿಲೇ (ಬೋರ್ಡಿನ ಮಾತಿನಂತೆ ದೊಡ್ಡ ಕರೆಂಟು ಆನ್, ಆಫ್ ಮಾಡುವ ಸ್ವಿಚ್ಚು) ತಂದು ತೋಟದ ಪಂಪಿಗೆ ಜೋಡಿಸಲು ಹೊರಟರೆ ಬಿಡಬೇಡಿ. ನೀಲಿ ಡಬ್ಬಿಯ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ. ಮೋಟಾರು ಶುರುವಾಗುವ ಕ್ಷಣದಲ್ಲಿ ಎಳೆಯುವುದು ಓಡುವಾಗಿನ ಹಲವು ಪಟ್ಟು. ಕಾಂಟ್ಯಾಕ್ಟು ಅಂಟಿಕೊಂಡರೆ ಪ್ರೋಗ್ರಾಮ್ ಆಫ್ ಅಂದರೂ ಮೋಟಾರು ನಿಲ್ಲುವುದಿಲ್ಲ. ಆ ಕೆಲಸಕ್ಕೆ ಮೋಟಾರಿನ ಕರೆಂಟು ತಡೆಯುವ ದೊಡ್ಡ ಸ್ವಿಚ್ಚು, ಕಾಂಟ್ಯಾಕ್ಟರ್ ಬೇಕು, ಎಲೆಕ್ಟ್ರಿಷಿಯನ್ ಬೇಕು. ಒಂದು ವರ್ಷ 5 ವೋಲ್ಟಿನ ಆಚೆ ಹೋಗುವುದು ಬೇಡ ಅಂತ ಮನೆಯಲ್ಲಿ ಕಾನೂನು ಮಾಡಿ.

ಎರಡು, ಸಮುದ್ರದ ಕಡೆಯವರಿಗೆ. ಕಾರವಾರದಲ್ಲಿ ನಮ್ಮ ಮನೆ ಅಲೆಯ ಸದ್ದು ಕೇಳುವಷ್ಟು ಹತ್ತಿರ. ಬ್ರೆಡ್‌ಬೋರ್ಡಿನಲ್ಲಿ ಚುಚ್ಚಿಟ್ಟದ್ದು ಒಂದು ಮಳೆಗಾಲ ಕಳೆದರೆ ಪಿನ್ನುಗಳಿಗೆಲ್ಲ ಕಿಲುಬು. ಮುಟ್ಟಿದರೆ ನಡೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಾಯಂ ಇಡುವುದಾದರೆ ಬೆಸುಗೆ ಹಾಕಿ, ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಇಟ್ಟು, ವೈರು ಕೆಳಗಿನಿಂದ ಒಳಗೆ ಬರುವ ಹಾಗೆ ಮಾಡಿ. ಮೇಲಿಂದ ತಂದರೆ ನೀರು ವೈರು ಹಿಡಿದುಕೊಂಡೇ ಒಳಗೆ ಬರುತ್ತದೆ.

ಹುಲೇಕಲ್ ತೋಟ · ಮೇ 15

ಎಲ್ಲರಿಗೂ ದೊಡ್ಡ ನಮಸ್ಕಾರ. ಯಲ್ಲಾಪುರದ ತಂಗಿಯ ಕತೆಯನ್ನು ಹೆಂಡತಿಗೆ ಓದಿ ಹೇಳಿದೆ. ಸಾವಿರದ ಇನ್ನೂರು ಮಂಜೂರಾಗಿದೆ. ಹುಬ್ಬಳ್ಳಿಗೆ ಹೋಗುವ ಕೆಲಸ ಇತ್ತು, ಅಲ್ಲೇ ಜರಿಹುಳದ ಚಿಪ್ಪಿನ ಊನೊ, ಅಂಕೋಲಾದವರು ಹೇಳಿದ ಸಾಮಾನು ಎಲ್ಲ ತಂದೆ. ಮೊದಲ ದಿನವೇ ಬೋರ್ಡು ಕಾಣಲಿಲ್ಲ. ಕೇಬಲ್ ಬದಲಿಸಿದೆವು, ಕಂಡಿತು!

ಹುಲೇಕಲ್ ತೋಟ · ಸೆಪ್ಟೆಂಬರ್ 28

ಮಳೆಗಾಲ ಮುಗಿಯುತ್ತಾ ಬಂತು, ಸುದ್ದಿ ಹೇಳಬೇಕು ಅನ್ನಿಸಿತು. ಜೂನ್ ಪೂರ್ತಿ ಎಲ್ಇಡಿ ಮಿನುಗಿಸಿದ. ನಾನು, ಮುಗಿಯಿತು, ಇನ್ನು ಅಟ್ಟಕ್ಕೆ ಅಂದುಕೊಂಡೆ. ಜುಲೈಯಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸಿದ ಎರಡೇ ದಿನಕ್ಕೆ ಮಳೆ ಹೊಯ್ದಿತು. ನಾನು "ಎಷ್ಟು ಬಂತೋ ಏನೋ, ಮೈಲುತುತ್ತ ಎಲ್ಲ ತೊಳೆದು ಹೋಯ್ತು" ಅಂತ ಗೊಣಗಿದೆ. ಎಷ್ಟು ಅಂತ ಅಳೆಯುತ್ತೇನೆ ಅಂತ ಅವನು ಹೊರಟ.

20 ಸೆಂಟಿಮೀಟರ್ ಅಗಲದ ಆಲಿಕೆ. ಅದರ ಕೆಳಗೆ ಪಿವಿಸಿ ಶೀಟಿನ ಏತದಂಥದ್ದು ಒಂದು, ಎರಡು ಕಡೆ ಪುಟ್ಟ ಬಟ್ಟಲು. ಒಂದು ತುಂಬಿದರೆ ಮಗುಚಿ ಇನ್ನೊಂದು ಮೇಲೆ ಬರುತ್ತದೆ. ನಡುವೆ ಸಣ್ಣ ಆಯಸ್ಕಾಂತ. ಮಗುಚುವಾಗ ರೀಡ್ ಸ್ವಿಚ್ಚಿನ (ಆಯಸ್ಕಾಂತ ಹತ್ತಿರ ಬಂದರೆ ಮುಚ್ಚುವಂಥದ್ದು) ಎದುರು ಹಾದುಹೋಗುತ್ತದೆ, ಬೋರ್ಡು ಒಂದು ಅಂತ ಎಣಿಸುತ್ತದೆ. ದನಕ್ಕೆ ಔಷಧಿ ಕೊಡುವ ಸಿರಿಂಜಿನಿಂದ ನೀರು ಬಿಟ್ಟು ನೋಡಿದ, 8 ಎಂ.ಎಲ್.ಗೆ ಮಗುಚುತ್ತದೆ. ಆಲಿಕೆಯ ಬಾಯಿ 314 ಚದರ ಸೆಂ.ಮೀ., ಒಂದು ಮಿಲಿಮೀಟರ್ ಮಳೆ ಅಂದರೆ 31.4 ಎಂ.ಎಲ್. ಹಾಗಾಗಿ ಒಂದು ಮಗುಚಿಗೆ ಕಾಲು ಮಿಲಿಮೀಟರ್. ಬಿ.ಕಾಂ. ಮಾಡಿದ ನನಗೂ ಅರ್ಥ ಆಯಿತು.

ಮೊದಲು ಒಂದು ಮಗುಚಿಗೆ ಎರಡು, ಮೂರು ಎಣಿಸುತ್ತಿತ್ತು. ಸ್ವಿಚ್ಚು ಮುಚ್ಚುವಾಗ ಒಳಗಿನ ಪಟ್ಟಿ ನಡುಗುತ್ತದಂತೆ. ಒಮ್ಮೆ ಎಣಿಸಿದ ಮೇಲೆ 200 ಮಿಲಿಸೆಕೆಂಡ್ ಕಣ್ಣು ಮುಚ್ಚಿಕೋ ಅಂತ ಬರೆದ. ಗಂಟೆಗೆ 100 ಮಿ.ಮೀ. ಹೊಯ್ದರೂ ಮಗುಚುವುದು ಒಂಬತ್ತು ಸೆಕೆಂಡಿಗೊಮ್ಮೆ, ಹಾಗಾಗಿ ತಪ್ಪಿಹೋಗುವ ಭಯ ಇಲ್ಲ ಅಂತ ಅವನೇ ಲೆಕ್ಕ ತೋರಿಸಿದ. ಕರೆಂಟು ಹೋದರೆ ಎಣಿಕೆ ಸೊನ್ನೆಗೆ ಬರುತ್ತದೆ, ಅದೊಂದು ಬಾಕಿ. ಆಗಸ್ಟಿನಲ್ಲಿ ನಾಲ್ಕು ದಿನ ಎಣಿಕೆ ನಿಂತೇ ಹೋಗಿತ್ತು. ನೋಡಿದರೆ ಆಲಿಕೆಯ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆ.

ಕಾಳಿ ದಂಡೆ · ಸೆಪ್ಟೆಂಬರ್ 28

ಭೇಷ್. ಊನೊದಲ್ಲಿ ಈಪ್ರಾಮ್ ಅಂತ 1 ಕೆಬಿ ಜಾಗ ಇದೆ, ಕರೆಂಟು ಹೋದರೂ ಅಳಿಸುವುದಿಲ್ಲ. ಎಣಿಕೆಯನ್ನು ಅಲ್ಲಿ ಬರೆಯಲು ಹೇಳಿ. ಆ ಜಾಗದ ಒಂದೊಂದು ಮನೆಗೆ ಒಂದು ಲಕ್ಷ ಸಲ ಬರೆಯಬಹುದು ಅನ್ನುವುದು ಲೆಕ್ಕ. ವರ್ಷಕ್ಕೆ 3000 ಮಿ.ಮೀ. ಬಂದರೆ 12,000 ಮಗುಚು. ಪ್ರತಿ ಸಲ ಬರೆದರೂ ಎಂಟು ವರ್ಷ. ಹತ್ತು ಮಗುಚಿಗೆ ಒಮ್ಮೆ ಬರೆದರೆ ಅವನ ಮೊಮ್ಮಕ್ಕಳ ಕಾಲ. ಆಲಿಕೆಯ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ, ಕಣಜ ಬರುವುದಿಲ್ಲ.

ಯಲ್ಲಾಪುರ ಅಂಗಳ · ಸೆಪ್ಟೆಂಬರ್ 29

ಅಣ್ಣಾ, ಅತ್ತಿಗೆಯ ಪ್ರಶ್ನೆಗೆ ಉತ್ತರ ಸಿಕ್ಕಿತಾ?

ಹುಲೇಕಲ್ ತೋಟ · ಸೆಪ್ಟೆಂಬರ್ 29

ಅವಳು ಬಾಯಿ ಬಿಟ್ಟು ಏನೂ ಹೇಳಿಲ್ಲ. ಆದರೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ, ಕೆಲಸದವರ ಹಾಜರಿ ಬರೆಯುತ್ತಾಳಲ್ಲ, ಆ ಚೌಕದ ಮೂಲೆಯಲ್ಲಿ ಆಗಸ್ಟಿನಿಂದ ಮಳೆಯದ್ದೂ ಇದೆ. ಕಣಜದ ನಾಲ್ಕು ದಿನ ಖಾಲಿ ಬಿಟ್ಟು "ಯಂತ್ರ ಹಾಳು" ಅಂತ ಬರೆದಿದ್ದಾಳೆ.

ಸಿದ್ದಾಪುರದ ತಮ್ಮಾ, ನಿನಗೊಂದು ಪ್ರಶ್ನೆ. ಮಳೆಯ ಲೆಕ್ಕ ಅಜ್ಜನ ಮನೆಯಲ್ಲಿ ಕೂತರೂ ಫೋನಿನಲ್ಲಿ ಕಾಣಬೇಕಂತೆ. ಈಗ ಅವನಿಗೆ ಇಎಸ್‌ಪಿ32 ಬೇಕಂತೆ. ಯಾವುದು ತಗೊಳ್ಳಲಿ?